ಗಿಡಮೂಲಿಕೆಯೇ ಆದರೂ ಪರೀಕ್ಷಿಸಿ ಹಚ್ಚಿ



ಮಾವಿನಕಾಯಿಯ ಸೊನೆ ತಾಗಿ ತುಟಿ ಸುಟ್ಟುಕೊಂಡ ಮಕ್ಕಳು ನಮ್ಮೂರುಗಳಲ್ಲಿ ಬೇಕಾದಷ್ಟಿದ್ದಾರೆ. ಗೇರುಬೀಜದ ಸಿಪ್ಪೆಯ ಎಣ್ಣೆ ಕೈಚರ್ಮ ಸುಲಿಯುತ್ತದೆಂದು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಷ್ಟು ತಿಳಿದವರೂ ಡಬ್ಬಿಯ ಮೇಲೆ ಹಸಿರೆಲೆಯ ಚಿತ್ರ, ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಬರಹ ಕಂಡರೆ ಸಾಕು, ಕಣ್ಣುಮುಚ್ಚಿ ಮುಖಕ್ಕೆ ಬಳಿದುಕೊಳ್ಳುತ್ತೇವೆ. ಇಸುಬು ಇರುವವರು, ಸೂಕ್ಷ್ಮ ಚರ್ಮದವರು ಕಷ್ಟಕ್ಕೆ ಸಿಲುಕುವುದು ಇಲ್ಲೇ.

ಎಲ್ಲರ ಮನೆಯಂಗಳದ ಲೋಳೆಸರವನ್ನೇ ನೋಡಿ. ಎಲೆ ಕತ್ತರಿಸಿದೊಡನೆ ಸಿಪ್ಪೆಯಡಿಯಿಂದ ಹಳದಿ ರಸ ಒಸರುತ್ತದೆ. ತುರಿಕೆ, ಉರಿ ತರುವುದು ಅದು. ಎಲೆಯನ್ನು ಓರೆಯಾಗಿ ನಿಲ್ಲಿಸಿ ಅದನ್ನು ಸೋರಲು ಬಿಟ್ಟು, ತೊಳೆದು, ಒಳಗಿನ ತಿಳಿ ಲೋಳೆಯನ್ನಷ್ಟೇ ತೆಗೆಯಬೇಕು. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಅದರಲ್ಲಿರುವ ಫ್ಯುರೊಕೌಮರಿನ್ ಎಂಬ ರಾಸಾಯನಿಕ ಬಿಸಿಲಿನ ಅತಿನೇರಳೆ ಕಿರಣದೊಡನೆ ಸೇರಿ ಚರ್ಮ ಸುಡುತ್ತದೆ. ಬೊಬ್ಬೆ ಮಾಯ್ದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಟೀ ಟ್ರೀ, ಲ್ಯಾವೆಂಡರ್ ತೈಲಗಳು ಗಾಳಿ ಬೆಳಕು ತಾಗಿ ಹಳತಾದಂತೆ ಅಲರ್ಜಿ ತರುವ ಗುಣ ಹೆಚ್ಚುತ್ತದೆ. ಲ್ಯಾವೆಂಡರಿನ ಲಿನಲೂಲ್, ಲಿಂಬೆಸಿಪ್ಪೆಯ ಲಿಮೊನೀನ್ ಎಂಬ ಸುಗಂಧದ ಅಂಶಗಳು ಹಚ್ಚಿ ತೊಳೆಯದೆ ಬಿಡುವ ಕ್ರೀಮಿನಲ್ಲಿ ಶೇ 0.001 ಮೀರಿದರೆ ಲೇಬಲ್ಲಿನಲ್ಲಿ ಹೆಸರು ಹಾಕಲೇಬೇಕೆಂದು ಐರೋಪ್ಯ ಒಕ್ಕೂಟ ಕಡ್ಡಾಯ ಮಾಡಿರುವುದು ಸುಮ್ಮನೆ ಅಲ್ಲ.

ಗಿಡಮೂಲಿಕೆ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಹೊಸದನ್ನು ಮುಖಕ್ಕೆ ಹಚ್ಚುವ ಮುಂಚೆ ಮೊಣಕೈ ಮಡಚುವ ಜಾಗದಲ್ಲಿ ಚೂರು ಹಚ್ಚಿ, ದಿನಕ್ಕೆರಡು ಸಲದಂತೆ 7ರಿಂದ 10 ದಿನ ನೋಡಿ. ಅಲರ್ಜಿ ಒಂದೇ ಗಂಟೆಯಲ್ಲಿ ತೋರಬೇಕೆಂದಿಲ್ಲ, ಎರಡು ಮೂರು ದಿನ ತಡವಾಗಿಯೂ ಏಳಬಹುದು. ಒಂದೇ ಸಲಕ್ಕೆ ಎರಡು ಹೊಸ ಪದಾರ್ಥ ಬೇಡ. ಯಾವುದು ಕೆಟ್ಟದ್ದು ಮಾಡಿತೆಂದು ತಿಳಿಯದು. ಉರಿ ಎದ್ದರೆ ತೊಳೆದು ನಿಲ್ಲಿಸಿ, ಅದರ ಮೇಲೆ ಇನ್ನೊಂದು ಮನೆಮದ್ದು ಬಳಿಯಬೇಡಿ. ಕಡಿಮೆಯಾಗದಿದ್ದರೆ ಡಬ್ಬಿಯನ್ನೂ ಕೈಯಲ್ಲಿ ಹಿಡಿದೇ ಚರ್ಮವೈದ್ಯರ ಬಳಿ ಹೋಗಿ. ಹಸುಗೂಸಿನ ಮೈಮೇಲಂತೂ ಪ್ರಯೋಗ ಬೇಡವೇ ಬೇಡ.

ಮನೆಯಲ್ಲೇ ಸಾಬೂನು, ಲೇಪ ತಯಾರಿಸಿ ಮಾರುವ ಅಕ್ಕತಂಗಿಯರಲ್ಲೂ ಒಂದು ಕೋರಿಕೆ: ಏನೇನು ಹಾಕಿದ್ದೀರಿ, ಯಾವ ದಿನ ಮಾಡಿದ್ದೀರಿ ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಕೊಳ್ಳುವವರು ಅದಿಲ್ಲದ ಡಬ್ಬಿಯನ್ನು, ಎಷ್ಟೇ ಹಸಿರಾಗಿರಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ.