ಕುಮಾರಪರ್ವತದ ಕಾಲುದಾರಿ

ಕುಕ್ಕೆ ಸುಬ್ರಹ್ಮಣ್ಯದ ಹಿಂದೆ ಮೋಡ ಹೊದ್ದು ನಿಂತ ಕುಮಾರಪರ್ವತದ ಎತ್ತರ 1712 ಮೀಟರು. ಸೋಮವಾರಪೇಟೆಯ ಕಡೆಯಿಂದ ನಸುಕಿನಲ್ಲೇ ಹೊರಟ ಗಟ್ಟಿಗರು ಸಂಜೆಯೊಳಗೆ ಹತ್ತಿ ಇಳಿಯಬಲ್ಲರು.

ಕಾಡು ಮುಗಿದು ಹುಲ್ಲುಗಾವಲು ತೆರೆದೊಡನೆ ಕಾಲಿಗೊಂದು ದುರಾಸೆ ಹುಟ್ಟುತ್ತದೆ: ತಿರುವನ್ನು ಬಿಟ್ಟು ನೇರವಾಗಿ ಏರಿಬಿಡೋಣವೆಂದು. ಹತ್ತು ಹೆಜ್ಜೆಯ ಈ ಉಳಿತಾಯ ಬೆಟ್ಟಕ್ಕೆ ಬಲು ದುಬಾರಿ. ತುಳಿದ ಹುಲ್ಲು ಸತ್ತು ಮಣ್ಣು ಬೆತ್ತಲಾಗುತ್ತದೆ. ಆಷಾಢದ ಮಳೆ ಆ ಜಾಡನ್ನೇ ಹಿಡಿದು ಹರಿದು ಕೊರಕಲು ತೋಡುತ್ತದೆ. ಮಳೆಯನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ತೊಟ್ಟುತೊಟ್ಟಾಗಿ ಬಿಡುವುದು ಈ ಹುಲ್ಲೂ ಕಣಿವೆಯ ಶೋಲಾ ಕಾಡೂ ಅಲ್ಲವೆ? ಕುಮಾರಧಾರೆ ಹುಟ್ಟುವುದು ಇಲ್ಲಿಯೇ. ಮೇಲೆ ಎಸೆದ ಪ್ಲಾಸ್ಟಿಕ್ ಸೀಸೆ, ಕೆಳಗೆ ಭಕ್ತರು ಮುಳುಗೇಳುವ ನೀರಿನ ದಾರಿಯನ್ನೇ ಹಿಡಿಯುತ್ತದೆ.

ಇಕ್ಕಟ್ಟಿನಲ್ಲಿ ಇಳಿಯುವವರು ಏರುವವರಿಗೆ ದಾರಿ ಬಿಡುವುದು ರೂಢಿ. ಏರುವವನ ಕಣ್ಣು ಹೆಜ್ಜೆಯ ಮೇಲಿರುತ್ತದೆ. ತಪ್ಪಿದ ಉಸಿರನ್ನು ಮತ್ತೆ ಕೂಡಿಸಿಕೊಳ್ಳುವುದೂ ಅವನಿಗೆ ಕಷ್ಟ. ಕಾಲಡಿಯ ಕಲ್ಲು ಜಾರಿದರೆ ಕೂಗಿ ಎಚ್ಚರಿಸಬೇಕು. (ಮಿಕ್ಕ ಹೊತ್ತಿನಲ್ಲಿ ಕೂಗದಿದ್ದರೆ ಕಾಡಿಗೆ ಉಪಕಾರ.)

2024ರ ಜನವರಿಯಲ್ಲಿ ರಜೆಯ ಜನ ಸಾವಿರಗಟ್ಟಲೆ ಒಮ್ಮೆಗೇ ಇಲ್ಲಿ ಸಾಲುಗಟ್ಟಿದಾಗ ಯಾರು ಯಾರಿಗೆ ದಾರಿ ಬಿಟ್ಟಾರು? ಅರಣ್ಯ ಇಲಾಖೆ ಏರುವುದನ್ನೇ ತಡೆದು, ಆ ಬಳಿಕ ಮುಂಗಡವಾಗಿ ಹೆಸರು ನೋಂದಾಯಿಸಿದವರಿಗಷ್ಟೇ ದಾರಿ ತೆರೆಯಿತು.