ಮಗ್ಗಿಯನ್ನು ಬೈದು ಯಾರಿಗೆ ಲಾಭ?

ಮಗ್ಗಿ ಬಾಯಿಪಾಠ ಮಾಡಿಸುವುದು ಮಕ್ಕಳ ಮೇಲಿನ ಹಿಂಸೆ ಎಂದು ವಿಚಾರಗೋಷ್ಠಿಗಳಲ್ಲಿ ಗುಡುಗುವವರ ಮನೆಯ ಮಕ್ಕಳು ಸಂಜೆಯಾದರೆ ಅಬ್ಯಾಕಸ್ ಕ್ಲಾಸಿಗೆ ಹೋಗುತ್ತಾರೆ. ಅಲ್ಲಿ ಫೀಸು ಕಟ್ಟಿ ಅದೇ ಲೆಕ್ಕವನ್ನು ನೂರು ಸಲ ಮಾಡುತ್ತಾರೆ. ಶಾಲೆ ಬಿಟ್ಟದ್ದನ್ನು ದುಡ್ಡು ಕೊಟ್ಟು ತುಂಬಿಸಿಕೊಳ್ಳುವ ಅನುಕೂಲ ಅವರಿಗಿದೆ. ಹಳ್ಳಿಯ ಸರ್ಕಾರಿ ಶಾಲೆಯ ಹುಡುಗಿಗೆ ಅದಿಲ್ಲ. ಅವಳ ಪಾಲಿನ ಗಣಿತವೆಲ್ಲ ಕೊನೆಯ ಗಂಟೆ ಹೊಡೆಯುವುದರೊಳಗೆ ಸಿಗಬೇಕು.

ಸಿಗುತ್ತಿದೆಯೇ? ಅಸರ್ 2024ರ ಸಮೀಕ್ಷೆ ಗ್ರಾಮೀಣ ಮಕ್ಕಳಿಗೆ ಕೊಟ್ಟ ಭಾಗಾಕಾರದಲ್ಲಿ ಕಷ್ಟದ್ದೇನೂ ಇರಲಿಲ್ಲ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬೇಕಿತ್ತು, ಅಷ್ಟೆ. ದೇಶದಲ್ಲಿ 5ನೇ ತರಗತಿಯ ಮಕ್ಕಳ ಪೈಕಿ ಅದನ್ನು ಮಾಡಿದವರು ಶೇ 30.7 ಮಾತ್ರ.

ಮಕ್ಕಳು ಎಡವುವುದೆಲ್ಲಿ ಎಂದು ತಿಳಿಯಲು 847ನ್ನು 6ರಿಂದ ಭಾಗಿಸಿ ನೋಡಿ. ಎಂಟರಲ್ಲಿ ಒಂದು ಆರು ಹೋಗಿ ಎರಡು ಉಳಿಯಿತು, ನಾಲ್ಕು ಇಳಿಸಿದರೆ ಇಪ್ಪತ್ನಾಲ್ಕು. ‘ಆರು ನಾಲ್ಕಲಿ ಇಪ್ಪತ್ನಾಲ್ಕು’ ನಾಲಿಗೆಯ ಮೇಲಿದ್ದ ಮಗು ಮುಂದೆ ಹೋಗುತ್ತದೆ. ಇಲ್ಲದ ಮಗು ಪುಸ್ತಕದ ಅಂಚಿನಲ್ಲಿ ಗೀಟು ಹಾಕಿ ಎಣಿಸುತ್ತದೆ. ಎಣಿಸಿ ತಲೆಯೆತ್ತುವಷ್ಟರಲ್ಲಿ ತಾನು ಲೆಕ್ಕದ ಯಾವ ಹಂತದಲ್ಲಿದ್ದೆ ಎಂಬುದೇ ಮರೆತಿರುತ್ತದೆ. ಆ ಮಗುವಿಗೆ ಬುದ್ಧಿ ಕಡಿಮೆಯೇನಲ್ಲ, ಮಗ್ಗಿ ಮಾಡಬೇಕಿದ್ದ ಕೆಲಸವನ್ನೂ ಅದರ ಬುದ್ಧಿಯೇ ಮಾಡಬೇಕಾಗಿ ಬಂದಿದೆ.

‘ಮುಂದುವರಿದ ದೇಶಗಳಲ್ಲಿ ಹೀಗೆ ಉರು ಹೊಡೆಸುವುದಿಲ್ಲ’ ಎಂಬ ಮಾತೊಂದು ನಮ್ಮಲ್ಲಿ ಸುಲಭವಾಗಿ ಚಲಾವಣೆಯಾಗುತ್ತದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2022ರಿಂದ ಎಂಟು–ಒಂಬತ್ತು ವರ್ಷದ ಮಕ್ಕಳಿಗೆ ಮಗ್ಗಿ ಪರೀಕ್ಷೆ ಕಡ್ಡಾಯ: ಹನ್ನೆರಡರ ಮಗ್ಗಿಯವರೆಗೆ 25 ಪ್ರಶ್ನೆ, ಒಂದೊಂದಕ್ಕೆ ಆರು ಸೆಕೆಂಡು. ಆ ಗಡಿಯಾರವನ್ನು ಇಲ್ಲಿಗೆ ತನ್ನಿ ಎಂದು ನಾನು ಹೇಳುತ್ತಿಲ್ಲ. ವಿದೇಶದ ಹೆಸರು ಹೇಳಿ ಬಾಯಿ ಮುಚ್ಚಿಸುವುದನ್ನು ನಿಲ್ಲಿಸಿ ಎನ್ನುತ್ತಿದ್ದೇನೆ.

ಹಾಗಂತ ‘ನಮ್ಮ ಮೇಷ್ಟ್ರು ಬೆತ್ತ ಹಿಡಿದೇ ಕಲಿಸಿದ್ದು’ ಎಂದು ಮೀಸೆ ತಿರುವುವವರ ಪಕ್ಷವೂ ನನ್ನದಲ್ಲ. ಮಗ್ಗಿ ಮಾತ್ರ ಬಂದ ಮಗು 612ನ್ನು 6ರಿಂದ ಭಾಗಿಸಿ 12 ಎಂದು ಬರೆದು ನೆಮ್ಮದಿಯಾಗಿ ಕೂರುತ್ತದೆ. ನಡುವಿನ ಸೊನ್ನೆ ಬಿಟ್ಟುಹೋದದ್ದು ಅದಕ್ಕೆ ಕಾಣುವುದಿಲ್ಲ. ಆರುನೂರು ರೂಪಾಯಿಯನ್ನು ಆರು ಜನಕ್ಕೆ ಹಂಚಿದರೇನೇ ತಲೆಗೆ ನೂರು ಬರುತ್ತದಲ್ಲ, ಹನ್ನೆರಡು ಹೇಗಾದೀತು ಎಂಬ ಅನುಮಾನ ಬೆತ್ತದಿಂದ ಹುಟ್ಟುವುದಿಲ್ಲ. ಹುಣಸೆ ಬೀಜ ಗುಂಪು ಮಾಡಿ, ಹಂಚಿ, ಉಳಿದದ್ದನ್ನು ಪಕ್ಕಕ್ಕಿಟ್ಟು ನೋಡಿದ ಕೈಗಳಿಂದ ಹುಟ್ಟುತ್ತದೆ. ಹಂಚಾಟ ಮೊದಲು, ಮಗ್ಗಿ ಆಮೇಲೆ. ಆದರೆ ಆ ‘ಆಮೇಲೆ’ ಬರಲೇಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ–ಕಲಿ ಮೊದಲರ್ಧವನ್ನು ಚೆನ್ನಾಗಿಯೇ ಹಿಡಿದುಕೊಂಡಿತು. ಚಟುವಟಿಕೆಯ ಹೆಸರಿನಲ್ಲಿ ಎರಡನೆಯ ಅರ್ಧವನ್ನು ಕೈಬಿಟ್ಟ ಕಡೆಯೆಲ್ಲ ಅದರ ಪೆಟ್ಟು ಬೀಳುವುದು ನಾಲ್ಕನೇ ತರಗತಿಯಲ್ಲಿ.

ಭಿನ್ನರಾಶಿಯ ಕಥೆ ಇನ್ನೂ ಬೇಸರದ್ದು. ಹಿಂದೆ ನಮ್ಮ ಶಾಲೆಗಳಲ್ಲಿ ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನೂ ಹೇಳಿಸುತ್ತಿದ್ದರು. ಹದಿನಾರಾಣೆಯ ರೂಪಾಯಿ, ಸೇರು, ಪಾವು ಇದ್ದ ಕಾಲಕ್ಕೆ ಅವು ಬೇಕೇ ಬೇಕಿದ್ದವು. 1957ರಲ್ಲಿ ನಯಾಪೈಸೆ ಬಂತು, ಹಿಂದೆಯೇ ಕಿಲೋ, ಲೀಟರು ಬಂದವು, ಆ ಮಗ್ಗಿಗಳು ಮೂಲೆಗೆ ಬಿದ್ದವು. ಕಿಲೋ ಬಂದರೂ ನಾವು ಟೊಮೆಟೊ ಕೊಳ್ಳುವುದು ಕಾಲು ಕೆಜಿಯಲ್ಲೇ, ಹಾಲು ತರುವುದು ಅರ್ಧ ಲೀಟರಿನಲ್ಲೇ! ಮುಕ್ಕಾಲು ಎಂದರೆ ಮೂರು ಕಾಲು ಎಂದು ಅಂಗಡಿಗೆ ಹೋಗುವ ಏಳು ವರ್ಷದ ಮಗುವಿಗೆ ಗೊತ್ತು. ಅದೇ ಮಗುವಿಗೆ ನಾವು ಅಂಶ, ಛೇದ ಎಂದು ಶುರುಮಾಡಿ, ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಐದನೇ ಎರಡು ಭಾಗ ಎಂದು ಬರೆಯುವ ಸ್ಥಿತಿಗೆ ತರುತ್ತೇವೆ. ಐದನೇ ಎರಡು ಭಾಗ ಅರ್ಧಕ್ಕಿಂತಲೂ ಕಡಿಮೆ. ಕೂಡಿಸಿದ ಮೇಲೆ ಕಡಿಮೆಯಾದದ್ದು ಹೇಗೆ ಎಂದು ಮಗು ಕೇಳುವುದಿಲ್ಲ, ಏಕೆಂದರೆ ಗೆರೆಯ ಮೇಲೆ ಕೆಳಗೆ ಬರೆದ ಅಂಕಿಗಳಿಗೂ ಅಂಗಡಿಯ ತಕ್ಕಡಿಗೂ ಸಂಬಂಧವಿದೆಯೆಂದು ಯಾರೂ ಹೇಳಿಲ್ಲ.

ಆ ಸಂಬಂಧ ತಾನಾಗಿ ಬೆಳೆಯುವುದೂ ಇಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2025ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳು ತೂಕ, ದರ, ಚಿಲ್ಲರೆಯ ಲೆಕ್ಕವನ್ನು ಬಾಯಲ್ಲೇ ಮಾಡಿದರು, ಶಾಲೆಯ ಮಾದರಿಯಲ್ಲಿ ಬರೆದುಕೊಟ್ಟ ಲೆಕ್ಕದಲ್ಲಿ ತಡವರಿಸಿದರು. ಶಾಲೆಯ ಮಕ್ಕಳದು ತಿರುಗುಮುರುಗು. ಬದುಕೇ ಗಣಿತ ಕಲಿಸುತ್ತದೆ ಎಂಬ ರಮ್ಯ ಮಾತಿಗೂ ಪುಸ್ತಕ ಮುಗಿಸಿದರೆ ಸಾಕೆಂಬ ಹಟಕ್ಕೂ ಇದು ಒಟ್ಟಿಗೇ ಉತ್ತರ. ಎರಡನ್ನೂ ಜೋಡಿಸುವ ಕೆಲಸ ಮೇಷ್ಟರದು, ಅದಕ್ಕೆ ಅವರಿಗೆ ಸಮಯ ಬೇಕು. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳುತ್ತ, ನಡುವೆ ಬಿಸಿಯೂಟದ ಲೆಕ್ಕವನ್ನೂ ಬರೆಯುವವರಿಂದ ಅದನ್ನು ಯಾವ ಮುಖದಲ್ಲಿ ಕೇಳುತ್ತೇವೆ?

ಶಿಕ್ಷಣ ಇಲಾಖೆ ಎರಡನೇ ತರಗತಿಯಿಂದಲೇ ದಿನಕ್ಕೆ ಹದಿನೈದು ನಿಮಿಷ ಬಾಯಿಲೆಕ್ಕಕ್ಕೆಂದು ಬಿಟ್ಟುಕೊಡಲಿ, ಕಾಲು–ಅರೆ–ಮುಕ್ಕಾಲೂ ಅದರಲ್ಲಿ ಸೇರಲಿ. ಐದನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ 612ನ್ನು 6ರಿಂದ ಭಾಗಿಸಲು ಕೊಟ್ಟು, ಉತ್ತರಕ್ಕೊಂದು ಅಂಕವಿಟ್ಟು, ಉತ್ತರ ನೂರಕ್ಕಿಂತ ಹೆಚ್ಚೋ ಕಡಿಮೆಯೋ, ಯಾಕೆ ಎಂಬುದಕ್ಕೂ ಒಂದು ಅಂಕ ಇಡಲಿ. ಇದಕ್ಕೆ ಹೊಸ ಪಠ್ಯಪುಸ್ತಕವೂ ಬೇಡ, ಟೆಂಡರೂ ಬೇಡ.