ಫೋಟೋ ಸಿಕ್ಕರೆ ಪ್ರೋಟೀನು ಸಿಕ್ಕಂತೆಯೇ?

ಆಲ್ಫಾಫೋಲ್ಡ್ ಬಂದ ಮೇಲೂ ಎನ್‌ಎಂಆರ್ ಯಾಕೆ ಮಾಡುತ್ತೀರಿ ಎಂದು ಕೇಳುವವರಿಗೆ ಈಗ ಬರವಿಲ್ಲ. ಅಮೈನೋ ಆಮ್ಲಗಳ ಸರಣಿ ಕೊಟ್ಟರೆ ಸಾಕು, ಕಂಪ್ಯೂಟರು ಪ್ರೋಟೀನಿನ ಆಕಾರವನ್ನು ಬಿಡಿಸಿಕೊಡುತ್ತದೆ. ಕ್ರಯೋ-ಇಎಂ ಅಂತೂ ದೈತ್ಯ ಪ್ರೋಟೀನು ಸಂಕೀರ್ಣಗಳನ್ನು ಹೆಪ್ಪುಗಟ್ಟಿಸಿ ಅವುಗಳ ರಚನೆ ತೋರಿಸುತ್ತದೆ. ಇದಕ್ಕೆ 2017ರಲ್ಲಿ, ಅದಕ್ಕೆ 2024ರಲ್ಲಿ ನೊಬೆಲ್ ಕೂಡ ಸಂದಿದೆ. ಹೀಗಿರುವಾಗ ಕಾಂತದ ಮುಂದೆ ವರ್ಷಗಟ್ಟಲೆ ಕೂರುವ ನನ್ನಂಥ ಪೋಸ್ಟ್‌ಡಾಕ್ ಹಳೇ ಕಾಲದವನು ಎಂಬುದು ಅವರ ಲೆಕ್ಕ. ಆ ಲೆಕ್ಕವೇ ತಪ್ಪು.

ಎನ್‌ಎಂಆರ್ ಎಂದರೆ ಬಲವಾದ ಕಾಂತದೊಳಗಿಟ್ಟ ಪರಮಾಣು ಬೀಜಗಳು ರೇಡಿಯೋ ಅಲೆಗೆ ಕೊಡುವ ಉತ್ತರವನ್ನು ಕೇಳಿಸಿಕೊಳ್ಳುವ ವಿಧಾನ. ಆಸ್ಪತ್ರೆಯ ಎಂಆರ್‌ಐ ಇದರ ತಮ್ಮ. ಇದರಿಂದ ಆಗುವುದೇನು ಎಂಬುದಕ್ಕೆ ಪ್ರೋಟಿಯಾಸೋಮ್ ಸಾಕು. ಜೀವಕೋಶಕ್ಕೆ ಬೇಡವಾದ ಪ್ರೋಟೀನುಗಳನ್ನು ಕತ್ತರಿಸಿ ಹಾಕುವ ಯಂತ್ರ ಇದು. ನಾಲ್ಕು ಉಂಗುರ ಪೇರಿಸಿದ ಪೀಪಾಯಿ, ಒಟ್ಟು 28 ಉಪಘಟಕ, ಕತ್ತರಿಗಳು ಒಳಗೆ. ತುದಿಗಳಲ್ಲಿ ಬಾಗಿಲು ಇರಲೇಬೇಕು, ಇಲ್ಲದಿದ್ದರೆ ಕಂಡದ್ದೆಲ್ಲ ಒಳಗೆ ಹೋಗಿ ತುಂಡಾಗುತ್ತದೆ. 1995ರಲ್ಲಿ ಥರ್ಮೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಪ್ರೋಟಿಯಾಸೋಮಿನ ಸ್ಫಟಿಕ ರಚನೆ ಹೊರಬಂತು. ಅಪ್ಪಟ ಕೆಲಸ. ಆದರೆ ಬಾಗಿಲಿರಬೇಕಾದ ಜಾಗ ಖಾಲಿ! ತುದಿಯ ಉಪಘಟಕಗಳ ಮೊದಲ ಕೆಲವು ಅಮೈನೋ ಆಮ್ಲಗಳು ಅಲುಗಾಡುತ್ತಲೇ ಇದ್ದುದರಿಂದ ಚಿತ್ರದಲ್ಲಿ ಮೂಡಲೇ ಇಲ್ಲ.

ಅವನ್ನು ಹಿಡಿದದ್ದು ಎನ್‌ಎಂಆರ್. 2007ರಲ್ಲಿ ಟೊರಾಂಟೋದ ಲೂಯಿಸ್ ಕೇ ಮತ್ತು ಅವರ ಬಳಿ ಪೋಸ್ಟ್‌ಡಾಕ್ ಆಗಿದ್ದ ರೆಮ್ಕೋ ಸ್ಪ್ರಾಂಗರ್ಸ್ 670 ಕಿಲೋಡಾಲ್ಟನ್ ತೂಕದ ಈ ಪೀಪಾಯಿಯಿಂದ ಸ್ಪಷ್ಟ ಸಂಕೇತ ಪಡೆದರು. 2010ರ ಹೊತ್ತಿಗೆ ಅದೇ ಗುಂಪು ಆ ಬಾಲಗಳು ರಂಧ್ರದ ಒಳಗೂ ಹೊರಗೂ ಓಡಾಡುತ್ತವೆ, ಅದಕ್ಕೆ ಸೆಕೆಂಡುಗಳು ಹಿಡಿಯುತ್ತವೆ ಎಂದು ತೋರಿಸಿತು. ಕ್ರಯೋ-ಇಎಂ ಬೇರೆ ಬೇರೆ ಭಂಗಿಗಳನ್ನು ವಿಂಗಡಿಸಿ ತೋರಿಸಬಲ್ಲದು, ಒಪ್ಪುತ್ತೇನೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕು ಎಂಬುದನ್ನು ಹೆಪ್ಪುಗಟ್ಟಿದ್ದು ಹೇಗೆ ಹೇಳೀತು?

ಈ ಕೆಲಸ ನಿಧಾನ, ನಿಜ. ದೊಡ್ಡ ಅಣು ದ್ರಾವಣದಲ್ಲಿ ನಿಧಾನವಾಗಿ ಉರುಳುತ್ತದೆ. ಹಾಗಾಗಿ ಅದರ ಸಂಕೇತ ಬೇಗ ಸಾಯುತ್ತದೆ. ಅದಕ್ಕೇ ಬ್ಯಾಕ್ಟೀರಿಯಾಗಳನ್ನು ಭಾರಜಲದಲ್ಲಿ ಬೆಳೆಸಿ, ಪ್ರೋಟೀನಿನ ಹೆಚ್ಚುಕಡಿಮೆ ಎಲ್ಲ ಹೈಡ್ರೋಜನ್ನುಗಳ ಜಾಗಕ್ಕೆ ಡ್ಯೂಟೀರಿಯಂ ತುಂಬಿ, ಕೆಲವು ಮೀಥೈಲ್ ಗುಂಪುಗಳನ್ನು ಮಾತ್ರ ಕಾಣುವಂತೆ ಉಳಿಸುತ್ತೇವೆ. ಭಾರಜಲದಲ್ಲಿ ಅವು ಸೊರಗಿ ಸೊರಗಿ ಬೆಳೆಯುತ್ತವೆ. ಆಮೇಲೆ ಯಾವ ಶಿಖರ ಯಾರದು ಎಂದು ಗುರುತಿಸುವ ಪಾಡು. 1951ರಲ್ಲಿ ಆಲ್ಕೋಹಾಲಿನ ಮೂರು ಶಿಖರಗಳನ್ನು ಬೇರ್ಪಡಿಸಿ ತೋರಿಸಿದವರಲ್ಲಿ ನಮ್ಮ ದೇಶದ ಎಸ್. ಎಸ್. ಧರ್ಮಟ್ಟಿ ಒಬ್ಬರು (ಮುಂದೆ ಮುಂಬೈಯ ಟಿಐಎಫ್‌ಆರ್‌ನಲ್ಲಿ ಎನ್‌ಎಂಆರ್ ಕಟ್ಟಿದವರು). ಮೂರು ಶಿಖರಗಳ ಗಾತ್ರ 3:2:1. ಯಾವುದು ಯಾವುದರದೆಂದು ಅದೇ ಹೇಳುತ್ತಿತ್ತು. ನಮ್ಮೆದುರು ನೂರಾರು ಚುಕ್ಕೆಗಳಿರುತ್ತವೆ, ಗಾತ್ರ ಏನೂ ಹೇಳುವುದಿಲ್ಲ. ಒಂದು ಅಮೈನೋ ಆಮ್ಲ ಬದಲಿಸಿ, ಪ್ರೋಟೀನನ್ನು ಮತ್ತೆ ಮೊದಲಿಂದ ತಯಾರಿಸಿ, ಯಾವ ಚುಕ್ಕೆ ಮಾಯವಾಯಿತು ಎಂದು ನೋಡುವುದು. ಆಮೇಲೆ ಮುಂದಿನದು.

ಇಲ್ಲಿ ನಾವು ಸ್ಫಟಿಕ ರಚನೆಯನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡುವವರು; ಚಿತ್ರದ ಮೇಲೆ ನನಗೆ ದ್ವೇಷವಿಲ್ಲ. ಆಲ್ಫಾಫೋಲ್ಡ್ ಕಲಿತದ್ದಾದರೂ ಎಲ್ಲಿಂದ? 1971ರಿಂದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಕೂಡಿಟ್ಟ ರಚನೆಗಳಿಂದ. ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು ಪ್ರಯೋಗಾಲಯದಲ್ಲಿ ರಾತ್ರಿ ಕಳೆದು ಪಡೆದವು. ಈಗ ಪ್ರಯೋಗವೇ ಬೇಡ ಎನ್ನುವುದು ಹತ್ತಿದ ಏಣಿಯನ್ನು ಒದ್ದ ಹಾಗೆ.

ಆದರೂ ಬುದ್ಧಿವಂತ ಹುಡುಗ ಹುಡುಗಿಯರು ಚಲನೆಯನ್ನು ಬಿಟ್ಟು ಚಿತ್ರದ ಕಡೆ ಹೋಗುತ್ತಿದ್ದಾರೆ. ಅವರನ್ನು ದೂರಲಾರೆ. ಚುಕ್ಕೆಗಳಿಗೆ ಹೆಸರು ಹಚ್ಚುವುದರಲ್ಲೇ ಒಂದು ವರ್ಷ ಕಳೆಯುವ ಕೆಲಸಕ್ಕೆ ಎರಡು ವರ್ಷದ ಗುತ್ತಿಗೆ ಬರೆದುಕೊಟ್ಟು, ಮೊದಲ ವರ್ಷ ಮುಗಿಯುವ ಮುಂಚೆಯೇ ‘ಪೇಪರ್ ಎಲ್ಲಿ?’ ಎನ್ನುವವರ ಮೇಲೆ ನನ್ನ ದೂರು.